ಕೊತ್ತಂಬರಿ ಗಾಡಿಯಲ್ಲಿ ಚೋರ್ಲಾ ಇಳಿದದ್ದು

ಕೊನೆಯ ಬಸ್ಸು ತಪ್ಪಿತ್ತು. ಬೆಳಗಿನ ಪಾಳಿ ತಪ್ಪುವಂತಿರಲಿಲ್ಲ.
ಫಕೀರಣ್ಣನ ಟೆಂಪೋದಲ್ಲಿ ಮುಂದಿನ ಸೀಟು ಸಿಕ್ಕಿತು:
ಕಾಲಬುಡಕ್ಕೆ ಒಂದು ಚೀಲ ಹಸಿಮೆಣಸು,
ಬೆನ್ನ ಹಿಂದೆ ನಾನೂರು ಸಿವುಡು ಕೊತ್ತಂಬರಿ,
ಅದರ ಮೇಲೆ ಅಂಗಾತ ನಿದ್ದೆಹೋದ ಕ್ಲೀನರ್ ಪರಸ್ಯಾ.

‘ಮಾಪ್ಸಾಕ್ಕ ಆರಕ್ಕ ಮುಟ್ಟಬೇಕ್ರಿ ಸಿಸ್ಟರ.
ಆರೂವರಿ ಆತಂದ್ರ ಅರ್ಧಾ ದರ.
ಏಳಕ್ಕ, ದನಕ್ಕ ಹಾಕೂದ.’

ಗೋವಾ ಬಂತೆಂದು ತಿಳಿದದ್ದು
ಫಲಕದಿಂದಲ್ಲ, ಹೊಟ್ಟೆಯಿಂದ.
ರಸ್ತೆ ಒಮ್ಮೆಲೇ ಕೆಳಗೆ ಬಿತ್ತು,
ಮೆಣಸಿನ ಚೀಲ ನನ್ನ ಕಾಲಮೇಲೆ ಒರಗಿತು.

ಟಾರಿನ ಮೇಲೆ ನತ್ತಿಂಗಗಳು ಕೂತಿದ್ದವು,
ಯಾರೋ ಸೇದಿ ಎಸೆದ ಬೀಡಿಯ ಕೆಂಡದ ಹಾಗೆ ಒಂದೊಂದು ಕಣ್ಣು.
ಗಾಡಿ ಹತ್ತಿರಾದರೆ
ಕೆಂಡಕ್ಕೆ ರೆಕ್ಕೆ.

ತಲೆಮೇಲಿನ ತಗಡಿಗೆ ಸಿಕ್ಕಿಸಿದ ಮಂಡಿಯ ಚೀಟಿಗಳು.
ಮುಂದೆ ಬೀನ್ಸಿನ ತೂಕ, ಗಜ್ಜರಿಯ ತೂಕ.
ಹಿಂದೆ, ಪೆನ್ಸಿಲ್ಲಿನಲ್ಲಿ, ಎರಡು ಸಾಲು:
ದಾಟಿದ್ದು. ದಾಟಲಾರದ್ದು.
ಮುಳ್ಳಹಂದಿ ಎರಡು, ಮರಿ ಸಹಿತ.
ಬೆಕ್ಕಿನಷ್ಟೇ ಎತ್ತರದ ಜಿಂಕೆ ಒಂದು, ಹೆಸರು ಗೊತ್ತಿಲ್ಲ.
ಹಸಿರು ಹಾವು, ಪ್ರಶ್ನಾರ್ಥಕ ಚಿಹ್ನೆ.
‘ಯಾರಿಗೆ ಕೊಡ್ತೀರಿ ಈ ಲೆಕ್ಕ?’
‘ಯಾರೂ ಕೇಳಿಲ್ರಿ ಇನ್ನಾ.’

ಒಂದು ಕಡೆ ನಿಲ್ಲಿಸಿದ. ಸೀಟಿನಡಿಯಿಂದ ಸಲಿಕೆ ತೆಗೆದ.
ಪುನುಗು ಬೆಕ್ಕು. ಮೈ ಇನ್ನೂ ಬಿಸಿ.
ನಾನೂ ಇಳಿದೆ. ಯಾಕೋ ಗೊತ್ತಿಲ್ಲ,
ಎರಡು ಬೆರಳು ತಾವಾಗಿ ಅದರ ದವಡೆಯ ಕೆಳಗೆ ಹೋದವು,
ನಾನು ಎಣಿಸತೊಡಗಿದೆ.
ಫಕೀರಣ್ಣ ಸಲಿಕೆ ಹಿಡಿದು ಕಾದ,
ಡಾಕ್ಟರು ಬರಲಿ ಎಂದು ಕಾಯುವ ಮನೆಯವರ ಹಾಗೆ.
ಇಲ್ಲ, ಎಂದೆ.
ಕಲ್ಲುಗೋಡೆಯಾಚೆ ಎಲೆಯಮೇಲೆ ಇಳಿಸಿದ.
ಇಲ್ಲಿದ್ದರೆ ಇನ್ನೊಂದು ಗಾಡಿ ಹಾಯುತ್ತದೆ.

ನಾಲ್ಕೂ ಹತ್ತು. ಮುಂದಿನ ತಿರುವಿನಲ್ಲಿ ಕತ್ತಲು
ಉಳಿದ ಕತ್ತಲಿಗಿಂತ ದಪ್ಪಗಿತ್ತು.
ಕಾಟಿ.
ಮೊಣಕಾಲವರೆಗೆ ಬಿಳಿಯ ಕಾಲುಚೀಲ,
ಶಾಲೆಗೆ ಹೊರಟು ಗೇಟಿನಲ್ಲಿ ಮನಸ್ಸು ಬದಲಿಸಿದ ಹುಡುಗನಂತೆ
ರಸ್ತೆಗೆ ಅಡ್ಡ ನಿಂತಿತ್ತು.
ಹಾರನ್ನಿಲ್ಲ. ಫಕೀರಣ್ಣ ದೀಪ ಆರಿಸಿದ.
‘ನಮ್ಮ ಬೆಳಕಿನಾಗ ಅದಕ್ಕ ಕಣ್ಣ ಕಾಣೂದಿಲ್ರಿ.’

ಆಮೇಲೆ ಏನೂ ಇಲ್ಲ.
ಅದರ ಉಸಿರು. ನಮ್ಮದು.
ಹಿಂದೆ ಪರಸ್ಯಾನ ಗೊರಕೆ.
ಕೊತ್ತಂಬರಿ ಬಾಡುವ ಸದ್ದು ಕೇಳಿಸಿದರೆ
ಅದೂ ಕೇಳುತ್ತಿತ್ತು.
ಇಪ್ಪತ್ತು ನಿಮಿಷ. ಇಪ್ಪತ್ತೈದು.
ಗೊರಸು ಟಾರು ಬಿಟ್ಟು ಮಣ್ಣಿಗಿಳಿದಾಗ
ಸದ್ದಿನ ಬಣ್ಣ ಬದಲಾಯಿತು.
ಅವನು ಕತ್ತಲಲ್ಲೇ ಪೆನ್ಸಿಲ್ ಹುಡುಕಿದ.

ಸುರ್ಲಾದ ಜಲಪಾತ ಕಾಣಲಿಲ್ಲ.
ಕಿಟಕಿ ಇಳಿಸಿದೆ, ಮೊಣಕೈಗೆ ತಾಕಿತು.

ಅಂಜುಣೆಯ ನೀರಿನ ಮೇಲೆ ಬೆಳಕು ಕೆನೆಗಟ್ಟುವ ಹೊತ್ತಿಗೆ
ಘಟ್ಟ ಮುಗಿದಿತ್ತು. ಮುಂದಿನ ಊರಿನ ಹೆಸರೇ ಕೇರಿ;
‘ಯಾರ ಕೇರಿ ಅಂತ ಕೇಳಬ್ಯಾಡ್ರಿ, ಬರೇ ಕೇರಿ’ ಎಂದು ನಕ್ಕ.
ನೀಲಿ ಪ್ಲಾಸ್ಟಿಕ್ಕಿನಡಿ ಬಿಸಿ ಪಾವು ಹೊತ್ತ ಸೈಕಲ್ಲು
ಪೊಂಕ್ ಪೊಂಕ್ ಎನ್ನುತ್ತ ಬಂತು.
ಕಾಟಿಗೆ ಏಳದ ಪರಸ್ಯಾ ಅದಕ್ಕೆ ಎದ್ದ.

ಮಾಪ್ಸಾ ಮುಟ್ಟಿದಾಗ ಆರೂ ನಲವತ್ತು.
ದಲಾಲಿ ಸಿವುಡೊಂದನ್ನು ಎತ್ತಿದ, ಅಲುಗಿಸಿದ,
ಏನೂ ಹೇಳದೆ ಎರಡು ಬೆರಳು ತೋರಿಸಿದ.
ಫಕೀರಣ್ಣ ಕಾಟಿಯ ಸುದ್ದಿ ಎತ್ತಲೇ ಇಲ್ಲ.
ನನಗೆ ಎರಡು ಸಿವುಡು ಕೊಟ್ಟು, ಬಾಡಿಗೆ ಬೇಡವೆಂದ.

ವಾರ್ಡಿನಲ್ಲಿ ಒಂಬತ್ತನೇ ಮಂಚದ ಎಸ್ಪೆರಾನ್ಸಬಾಯಿ
ಕಣ್ಣು ಮುಚ್ಚಿಯೇ ಮೂಗು ಅರಳಿಸಿ ಕೇಳಿದಳು:
ಎಷ್ಟಕ್ಕೆ ತಂದೆ?
ಪುಕ್ಕಟೆ, ಎಂದೆ. ನಂಬಲಿಲ್ಲ.
ಕಾಟಿ ದಾಟುವವರೆಗೆ ದೀಪ ಆರಿಸಿ ಕೂತಿದ್ದೆವು, ಎಂದೆ.
ಅದನ್ನು ನಂಬಿದಳು.